ಮತ್ಸ್ಯತ್ರಯದ ಕಥೆ: ಅನಾಗತವಿಧಾನದ ವಿಚಾರ

ಒಂದು ಕೊಳದಲ್ಲಿ ಮೂರು ಮೀನುಗಳಿದ್ದುವೆಂಬ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗನು ವಿರಳ. ಪಂಚತಂತ್ರವು ದುರ್ಗಸಿಂಹನ ಕಾಲದಿಂದ, ಎಂದರೆ ಕ್ರಿ. ಶ. ಹನ್ನೊಂದನೆಯ ಶತಮಾನದಿಂದ, ಕನ್ನಡನಾಡಿಗೆ ಪರಿಚಿತವಾದ ಗ್ರಂಥ. ಅನಾಗತವಿಧಾತೃ, ಪ್ರತ್ಯುತ್ಪನ್ನಮತಿ, ಯದ್ಭವಿಷ್ಯ ಎಂಬ ಮೂರು ಹೆಸರುಗಳು ಈಗ ಕೇವಲ ಮೀನುಗಳ ಹೆಸರಾಗಿ ಉಳಿದಿಲ್ಲ. ಮನುಷ್ಯರಲ್ಲಿ ಉತ್ತಮ, ಮಧ್ಯಮ, ಅಧಮರೆಂಬ ಮೂರು ವರ್ಗಗಳ ಹೆಸರುಗಳಾಗಿ ಪರಿಣಮಿಸಿವೆ. ವಿಪತ್ತು ಬರುವುದಕ್ಕೆ ಮೊದಲೇ ವಿಧಾನಮಾಡುವವನು ಉತ್ತಮನು, ಬಂದಾಗ ಬುದ್ಧಿ ಓಡಿಸುವವನು ಮಧ್ಯಮನು, ಆಗುವುದಾಗಲಿ ಎನ್ನುವವನು ಅಧಮನು ಎಂದು ಗುರುಗಳು ಹೇಳುವರು, ಶಿಷ್ಯರು ಒಪ್ಪುವರು. ಇಷ್ಟಕ್ಕೆ ವಿವಾದವಿಲ್ಲ.

ವಿವಾದವು ಹುಟ್ಟುವುದು ಈ ಕಥೆಯನ್ನು ವ್ಯಕ್ತಿಯಿಂದ ಎತ್ತಿ ಸಂಸ್ಥೆಯ ಮೇಲೆ ಇಟ್ಟಾಗ. ಸಂಘ, ಇಲಾಖೆ, ಕಾರ್ಖಾನೆ, ಪಂಚಾಯಿತಿ ಇವುಗಳ ಆಡಳಿತವನ್ನು ಕುರಿತು ಉಪದೇಶಮಾಡುವವರು, ತೊಂದರೆ ಬಂದಮೇಲೆ ಪರಿಹಾರ ಹುಡುಕುವ ಪದ್ಧತಿಯನ್ನು ಬಿಟ್ಟು ಬರುವುದಕ್ಕೆ ಮುಂಚೆಯೇ ತಡೆಯುವ ಪದ್ಧತಿಯನ್ನು ಹಿಡಿಯಿರೆಂದು ಬೋಧಿಸುತ್ತ, ದೃಷ್ಟಾಂತಕ್ಕೆ ಮೊದಲನೆಯ ಮೀನನ್ನು ತರುವರು. ಈ ದೃಷ್ಟಾಂತವು ಆ ದಾರ್ಷ್ಟಾಂತಿಕವನ್ನು ಹೊರಬಲ್ಲುದೇ ಎಂಬುದು ಪರೀಕ್ಷಿಸಬೇಕಾದ ಅಂಶ. ಉಪಮಾನವು ಕುಂಟಿದರೆ ಉಪದೇಶವೂ ಕುಂಟುವುದು. ಅದರ ಫಲವನ್ನು ಅನುಭವಿಸುವವರು ಪಂಡಿತರಲ್ಲ, ಬೇರೆಯವರು.

ಮೊದಲು ಪಾಠಗಳ ವಿಚಾರ. ಈ ಕಥೆ ಮಹಾಭಾರತದ ಶಾಂತಿಪರ್ವದಲ್ಲಿ, ಆಪದ್ಧರ್ಮದ ಪ್ರಕರಣದಲ್ಲಿ, ಭೀಷ್ಮನ ಬಾಯಿಂದ ಬರುತ್ತದೆ. ಪಂಚತಂತ್ರದ ಮೊದಲನೆಯ ತಂತ್ರದಲ್ಲಿ ಬರುತ್ತದೆ. ಹಿತೋಪದೇಶದ ಸಂಧಿಪ್ರಕರಣದಲ್ಲಿಯೂ ಬರುತ್ತದೆ. ಮೂರೂ ಒಂದೇ ಕಥೆಯೆಂದು ಭಾವಿಸುವುದು ವಾಡಿಕೆ. ಸೂಕ್ಷ್ಮವಾಗಿ ನೋಡಿದರೆ ಒಂದೇ ಅಲ್ಲ.

ಭಾರತದ ಕಥೆಯಲ್ಲಿ ಬೆಸ್ತರು ಬಂದು ನಾನಾ ಕಡೆ ತೂಬು ತೋಡಿ ಕೊಳದ ನೀರನ್ನು ತಗ್ಗಿಗೆ ಹರಿಯಬಿಡಲು ತೊಡಗಿದ್ದಾರೆ. ನೀರು ಇಳಿಯುತ್ತಿರುವುದನ್ನು ಕಂಡು ದೀರ್ಘದರ್ಶಿಯೆಂಬ ಮೀನು ಮಿತ್ರರಿಬ್ಬರಿಗೂ ತಿಳಿಸಿ, ದಾರಿ ಕೆಡುವುದಕ್ಕೆ ಮೊದಲೇ ಹೊರಟುಬಿಡೋಣವೆಂದು ಹೇಳುತ್ತದೆ. ದೀರ್ಘಸೂತ್ರನು ಅವಸರವೇಕೆ ಎನ್ನುತ್ತಾನೆ. ಮತ್ತೊಬ್ಬನು ಕಾಲ ಬಂದಾಗ ತನ್ನ ಬುದ್ಧಿ ಕೈಬಿಡುವುದಿಲ್ಲವೆನ್ನುತ್ತಾನೆ. ದೀರ್ಘದರ್ಶಿಯು ಹರಿವಿನೊಡನೆ ಆಳವಾದ ಮಡುವಿಗೆ ಹೋಗಿ ಬದುಕುತ್ತಾನೆ. ಎರಡನೆಯವನು, ಹಿಡಿದ ಮೀನುಗಳನ್ನು ಹಗ್ಗಕ್ಕೆ ಪೋಣಿಸುವುದನ್ನು ಕಂಡು, ತಾನೂ ಪೋಣಿಸಲ್ಪಟ್ಟವನಂತೆ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡಿದ್ದು, ತೊಳೆಯುವುದಕ್ಕೆ ನೀರಿಗೆ ಅದ್ದಿದಾಗ ಹಗ್ಗವನ್ನು ಬಿಟ್ಟು ಪಾರಾಗುತ್ತಾನೆ. ಮೂರನೆಯವನು ಸಾಯುತ್ತಾನೆ. ಇಲ್ಲಿ ವಿಪತ್ತು ಅನಾಗತವಲ್ಲ, ಆಗಲೇ ಆರಂಭವಾಗಿದೆ. ದೀರ್ಘದರ್ಶಿಯು ಕಂಡದ್ದು ಅದರ ಮೊದಲ ಅವಸ್ಥೆಯನ್ನು ಮಾತ್ರ.

ಪಂಚತಂತ್ರದಲ್ಲಿ ಬೆಸ್ತರು ಕೊಳದ ಪಕ್ಕದಲ್ಲಿ ಹಾದುಹೋಗುತ್ತ, ಈ ಹೊತ್ತಿಗೆ ಊಟಕ್ಕಾಯಿತು, ಸಂಜೆಯೂ ಆಯಿತು, ನಾಳೆ ಬೆಳಗ್ಗೆ ಇಲ್ಲಿಗೆ ಬರೋಣವೆಂದು ಮಾತಾಡಿಕೊಳ್ಳುವರು. ಆ ಮಾತನ್ನು ಕೇಳಿ ಅನಾಗತವಿಧಾತೃವು ಮೀನುಗಳನ್ನೆಲ್ಲ ಕರೆದು ವಿಷಯವನ್ನು ತಿಳಿಸುತ್ತಾನೆ. ಮುಂದೆ ಪಾಠಗಳಲ್ಲಿ ಒಮ್ಮತವಿಲ್ಲ. ಕೆಲವು ಪಾಠಗಳಲ್ಲಿ ಪ್ರತ್ಯುತ್ಪನ್ನಮತಿಯು ಉಳಿದು, ಸತ್ತಂತೆ ನಟಿಸಿ, ದಡಕ್ಕೆಸೆಯಲ್ಪಟ್ಟು, ನೀರಿಗೆ ಹಾರಿ ಬದುಕುತ್ತಾನೆ. ಬಹುಪ್ರಚಾರದಲ್ಲಿರುವ ಪಾಠದಲ್ಲಿ ಆತನೂ ಒಪ್ಪಿ ಮೊದಲನೆಯವನೊಡನೆ ಪರಿವಾರಸಮೇತನಾಗಿ ಹೊರಟುಬಿಡುತ್ತಾನೆ. ಈ ಎರಡನೆಯ ಪಾಠದಲ್ಲಿ ಪ್ರತ್ಯುತ್ಪನ್ನಮತಿಗೆ ತನ್ನ ಹೆಸರನ್ನು ಸಾರ್ಥಕಪಡಿಸಿಕೊಳ್ಳುವ ಅವಕಾಶವೇ ಇಲ್ಲದೆ ಹೋಗಿದೆ. ಹಿತೋಪದೇಶಕಾರನು ಎಲ್ಲವನ್ನೂ ಸಂಕ್ಷೇಪಿಸಿದ್ದಾನೆ: ಅವನ ಅನಾಗತವಿಧಾತೃವು ತಾನಂತೂ ಬೇರೆ ಮಡುವಿಗೆ ಹೋಗುವೆನೆಂದು ಹೇಳಿ ಹೋಗಿಬಿಡುತ್ತಾನೆ.

ಈ ಭೇದಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ಒಂದು: ಯಾವ ಪಾಠದಲ್ಲಿಯೂ ಮೊದಲನೆಯ ಮೀನಿಗೆ ಅತೀಂದ್ರಿಯವಾದ ಜ್ಞಾನವಿಲ್ಲ. ಆತನು ಕಂಡದ್ದನ್ನು ಅಥವಾ ಕೇಳಿದ್ದನ್ನು ಉಳಿದವರೂ ಕಂಡರು, ಕೇಳಿದರು. ಜ್ಞಾನವು ಸಮಾನ, ಆ ಜ್ಞಾನವನ್ನು ಕಾರ್ಯಕ್ಕೆ ತರುವ ಕಾಲದಲ್ಲಿ ಮಾತ್ರ ಭೇದ. ಭವಿಷ್ಯವನ್ನು ನುಡಿಯಬಲ್ಲವರನ್ನು ನೇಮಿಸಿಕೊಂಡರೆ ಸಂಸ್ಥೆಗೆ ದೂರದೃಷ್ಟಿ ಬರುವುದೆಂಬ ಭಾವನೆಗೆ ಕಥೆಯಲ್ಲಿ ಆಧಾರವಿಲ್ಲ. ಎರಡು: ಎಲ್ಲ ಪಾಠಗಳಲ್ಲಿಯೂ ಅನಾಗತವಿಧಾನವೆಂದರೆ ಕೊಳವನ್ನು ಬಿಟ್ಟುಹೋಗುವುದು. ಕೊಳದ ಗತಿಯೇನಾಯಿತೆಂದು ಯಾರೂ ಕೇಳುವುದಿಲ್ಲ. ಭಾರತದಲ್ಲಿ ನೀರು ಬತ್ತಿತು. ಪಂಚತಂತ್ರದಲ್ಲಿ ಬೆಸ್ತರು ಕೊಳವನ್ನು ಮೀನಿಲ್ಲದಂತೆ ಮಾಡಿದರು. ಕೊಳವು ಪಿತೃಪಿತಾಮಹರಿಂದ ಬಂದುದು, ಅದನ್ನು ಬಿಡುವುದು ಯುಕ್ತವೇ ಎಂದು ಕೇಳುವವನು ಒಬ್ಬನೇ, ಆತನು ಯದ್ಭವಿಷ್ಯನು! ನೆಲೆಯ ಮೇಲಣ ಅಭಿಮಾನವನ್ನು ಕಥೆಗಾರನು ಮೂರ್ಖನ ಬಾಯಲ್ಲಿ ಹಾಕಿರುವನು. ಒಂಟಿ ಜೀವಕ್ಕೆ ಇದು ನೀತಿಯಾಗಬಹುದು. ಕೊಳವೇ ತಾನಾಗಿರುವ ಸಂಸ್ಥೆಯು ಎಲ್ಲಿಗೆ ಹೋಗಬೇಕು?

ಪಂಚತಂತ್ರದಲ್ಲಿ ಈ ಕಥೆಯನ್ನು ಹೇಳುವವಳು ಟಿಟ್ಟಿಭಿ ಎಂಬ ಹಕ್ಕಿಯೆಂಬುದನ್ನು ವಾಚಕರು ಮರೆಯುವುದುಂಟು. ಸಮುದ್ರತೀರದಲ್ಲಿ ಮೊಟ್ಟೆಯಿಡುವುದು ಅಪಾಯವೆಂದು ಆಕೆ ಹೇಳಿದಳು. ಗಂಡನು ಸಮುದ್ರಕ್ಕೆ ತನ್ನನ್ನು ಎದುರಿಸುವ ಶಕ್ತಿಯೆಲ್ಲಿ ಎಂದು ಕೊಚ್ಚಿಕೊಂಡನು. ಸಮುದ್ರವು ಮೊಟ್ಟೆಗಳನ್ನು ಕೊಂಡೊಯ್ದಿತು. ಆಮೇಲೆ ಹಕ್ಕಿಗಳೆಲ್ಲ ನೆರೆದು, ಗರುಡನಲ್ಲಿ ಮೊರೆಯಿಟ್ಟು, ಗರುಡನು ವಿಷ್ಣುವಿಗೆ ಬಿನ್ನವಿಸಿ, ವಿಷ್ಣುವು ಸಮುದ್ರವನ್ನು ಬೆದರಿಸಿ, ಮೊಟ್ಟೆಗಳು ಹಿಂದಿರುಗಿದುವು. ಕಥೆ ಸುಖಾಂತ್ಯವಾದುದರಿಂದ ವೆಚ್ಚದ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ನಾಲ್ಕು ಮಾರು ಹಿಂದೆ ಸರಿದು ಗೂಡು ಕಟ್ಟಿದ್ದರೆ ತಪ್ಪುತ್ತಿದ್ದ ಹಾನಿಗೆ ಮೂರುಲೋಕದ ಒಡೆಯನನ್ನು ಎಬ್ಬಿಸಬೇಕಾಯಿತು. ಇಲಾಖೆಗಳ ನಡವಳಿಕೆಯನ್ನು ಬಲ್ಲವರಿಗೆ ಮೂರು ಮೀನಿನ ಕಥೆಗಿಂತ ಅದನ್ನು ಹೊತ್ತಿರುವ ಈ ಹಕ್ಕಿಯ ಕಥೆಯೇ ಹೆಚ್ಚು ಪರಿಚಿತವೆನಿಸೀತು. (ಹಿತೋಪದೇಶದಲ್ಲಿ ಮೀನಿನ ಕಥೆಯನ್ನು ಹೇಳಿ ದೂರದೃಷ್ಟಿಯನ್ನು ಹೊಗಳುವುದು ಆಮೆ, ಅದೇ ಆಮೆಯು ಸ್ವಲ್ಪಹೊತ್ತಿನಲ್ಲಿ ಆಕಾಶಮಾರ್ಗದಲ್ಲಿ ಬಾಯಿತೆರೆದು ಕೆಳಕ್ಕೆ ಬಿದ್ದು ಸಾಯುವುದು. ಉಪದೇಶಕರಿಗೆ ಗ್ರಂಥಕಾರನು ಇಟ್ಟ ಕಚಗುಳಿಯಿದು.)

ಮೊಟ್ಟೆಯ ಪ್ರಸ್ತಾಪ ಬಂದುದು ಅನುಕೂಲವೇ ಆಯಿತು. ಅನಾಗತವಿಧಾನವು ಕೊಳವನ್ನು ಬಿಡದೆ ಹೇಗೆ ಸಾಧ್ಯವೆಂಬುದಕ್ಕೆ ನಿದರ್ಶನವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೇಷ್ಮೆಯ ಸೀಮೆಯಲ್ಲಿ ದೊರೆಯುತ್ತದೆ. ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಈ ಪ್ರಾಂತದಲ್ಲಿ ಹಿಪ್ಪುನೇರಳೆಯ ತೋಟವಿಲ್ಲದ ಊರು ಅಪೂರ್ವ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಪ್ರಸಿದ್ಧವಾಗಿದೆ. ಮಾಗಡಿ, ಬಿಡದಿ, ಕುಣಿಗಲು ಕಡೆಯ ಹಳ್ಳಿಗಳು ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದುವು.

ರೇಷ್ಮೆಹುಳುವಿಗೆ ಬರುವ ರೋಗಗಳಲ್ಲಿ ಹಾಲುರೋಗ, ಸಪ್ಪೆರೋಗ, ಸುಣ್ಣಕಟ್ಟುರೋಗ ಮೊದಲಾದುವು ಹೊರಗಿನಿಂದ ತಗಲುವಂಥವು. ಗಂಟುರೋಗವು ಅವುಗಳಂತೆ ಹೊರಗಿನಿಂದ ತಗಲುವುದಲ್ಲದೆ ತಾಯಿಚಿಟ್ಟೆಯಿಂದ ಮೊಟ್ಟೆಗೂ ಇಳಿಯುತ್ತದೆ. ಆ ಮೊಟ್ಟೆಯೊಡೆದ ಮರಿಯು ಹುಟ್ಟುವಾಗಲೇ ರೋಗಿ. ಒಂದು ಚಿಟ್ಟೆಯಿಡುವ ಮೊಟ್ಟೆಗಳು ನಾನೂರರಷ್ಟು. ಒಂದು ಕೆಟ್ಟ ಚಿಟ್ಟೆಯ ಮರಿಗಳು ತಟ್ಟೆಯಲ್ಲಿ ಹರಡಿದರೆ ಒಳ್ಳೆಯವೂ ಕೆಡುವುವು. ಔಷಧವಿಲ್ಲ. ಇದಕ್ಕಿಂತ ದಾರುಣವಾದ ಸಂಗತಿ ಇನ್ನೊಂದಿದೆ. ಹುಳುವು ನಾಲ್ಕು ಜ್ವರಗಳನ್ನು ದಾಟಿ ಐದನೆಯ ಹಂತಕ್ಕೆ ಬಂದಾಗ ತಿನ್ನುವ ಸೊಪ್ಪು, ಆ ಬೆಳೆಯ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ೮೦ ಪಾಲಿಗೂ ಹೆಚ್ಚು. ರೋಗವು ಸಾಕುವವನ ಕಣ್ಣಿಗೆ ಬೀಳುವುದು ಅನೇಕವೇಳೆ ಆ ಹಂತದಲ್ಲಿ. ಎಂದರೆ ಸೊಪ್ಪು, ಕೂಲಿ, ರಾತ್ರಿಯ ನಿದ್ದೆ, ಗೂಡು ಮಾರಿ ತೀರಿಸುವೆನೆಂದು ತಂದ ಸಾಲ ಎಲ್ಲವೂ ವ್ಯಯವಾದಮೇಲೆ ಚಂದ್ರಿಕೆಗೆ ಹಾಕಲು ಹುಳುವಿಲ್ಲವೆಂದು ತಿಳಿಯುತ್ತದೆ. ಇಂತಹ ರೋಗದಲ್ಲಿ ಪ್ರತ್ಯುತ್ಪನ್ನಮತಿಯು ಮಾಡಬಹುದಾದುದು ಏನೂ ಇಲ್ಲ. ತಟ್ಟೆಗಳನ್ನು ಸುಟ್ಟು ಮನೆಗೆ ಸುಣ್ಣ ಬಳಿಯಬಹುದು, ಅಷ್ಟೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ರೋಗವು ಫ್ರಾನ್ಸ್, ಇಟಲಿ ದೇಶಗಳ ರೇಷ್ಮೆಯನ್ನು ಹಾಳುಮಾಡಿದಾಗ ಅಲ್ಲಿನವರು ಮಾಡಿದ ಮೊದಲ ಉಪಾಯವು ಮೊದಲನೆಯ ಮೀನಿನ ಉಪಾಯವೇ. ಕೆಟ್ಟ ನೆಲದ ಮೊಟ್ಟೆಯನ್ನು ಬಿಟ್ಟು ಕೆಡದ ನೆಲದ ಮೊಟ್ಟೆಯನ್ನು ತರುವುದು. ಹೀಗೆ ದೇಶದಿಂದ ದೇಶಕ್ಕೆ ಹೋಗುತ್ತ ಕೊನೆಗೆ ಜಪಾನನ್ನು ಮುಟ್ಟಿದರು. ಮೈಸೂರು ಸೀಮೆಯಲ್ಲಿಯೂ ಹುಳುಗಳು ರೋಗದಿಂದ ಕ್ಷೀಣಿಸಿದ್ದಾಗ, ೧೮೬೬ರ ಸುಮಾರಿನಲ್ಲಿ, ಡಿ ವೆಚ್ಚಿ ಎಂಬ ಇಟಲಿಯವನು ಜಪಾನಿನ ಮೊಟ್ಟೆಗಳನ್ನು ತರಿಸಿ ಉದ್ಯಮವನ್ನು ಎತ್ತಲು ಯತ್ನಿಸಿದನು. ಒಂದು ಮಡುವಿನಿಂದ ಮತ್ತೊಂದು ಮಡುವಿಗೆ ಹೋಗುವ ಈ ಕ್ರಮದ ದೋಷವೇನೆಂದರೆ, ಹೊಸ ಮೊಟ್ಟೆಯು ಹಳೆಯ ಮನೆಗೇ ಬರಬೇಕು. ಅಲ್ಲಿ ರೋಗಬೀಜವು ಕಾದಿರುತ್ತದೆ. ಓಡಿಹೋಗುವುದಕ್ಕೆ ಕೊನೆಯಿಲ್ಲ.

ಅದೇ ಕಾಲದಲ್ಲಿ, ೧೮೬೫ರಲ್ಲಿ, ಪಾಸ್ತರನು ದಕ್ಷಿಣ ಫ್ರಾನ್ಸಿಗೆ ಬಂದು ಪರೀಕ್ಷೆಯನ್ನು ಆರಂಭಿಸಿ, ೧೮೭೦ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅವನ ಕ್ರಮವು ಸರಳ. ಪ್ರತಿಯೊಂದು ತಾಯಿಚಿಟ್ಟೆಯನ್ನೂ ಬೇರೆಬೇರೆಯಾಗಿ ಮೊಟ್ಟೆಯಿಡಿಸುವುದು. ಮೊಟ್ಟೆಯಿಟ್ಟಮೇಲೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟುಬಿಡುವುದು. ತಾಯಿಚಿಟ್ಟೆಯು ಹೇಗೂ ಸಾಯುವಂಥದು. ಆದುದರಿಂದ ಈ ಪರೀಕ್ಷೆಯಿಂದ ಜೀವನಷ್ಟವಿಲ್ಲ, ಕಾಲನಷ್ಟವೂ ಇಲ್ಲ. ತರ್ಕದ ದೃಷ್ಟಿಯಿಂದ ಗಮನಿಸಬೇಕಾದ ವಿಶೇಷವೊಂದುಂಟು. ಮೊದಲ ಎರಡು ವರ್ಷ ಪಾಸ್ತರನಿಗೇ ಆ ಕಣಗಳು ರೋಗಕ್ಕೆ ಕಾರಣವೆಂಬ ನಂಬಿಕೆಯಿರಲಿಲ್ಲ. ರೋಗದ ಲಕ್ಷಣವೆಂದಷ್ಟೇ ಆತನು ಬಗೆದಿದ್ದನು. ಆದರೂ ಆರಿಸುವ ಕ್ರಮವು ಸಫಲವಾಯಿತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನಿಗೆ ಹೊಗೆಯು ಬೆಂಕಿಯಿಂದ ಹೇಗೆ ಹುಟ್ಟುವುದೆಂಬ ಜ್ಞಾನವು ಬೇಕಾಗಿಲ್ಲ. ವ್ಯಾಪ್ತಿಯು ನಿಶ್ಚಿತವಾಗಿದ್ದರೆ ಸಾಕು. ಕಾರಣವು ಪೂರ್ತಿಯಾಗಿ ತಿಳಿಯುವವರೆಗೆ ವಿಧಾನಮಾಡಲಾಗದೆಂಬ ನೆಪವು ದೀರ್ಘಸೂತ್ರನ ಪಂಡಿತವೇಷ. ತನ್ನ ಪ್ರಯೋಗಶಾಲೆಯಲ್ಲಿ ಎಂಟುವರ್ಷದ ಬಾಲಿಕೆಯೊಬ್ಬಳು ಈ ಪರೀಕ್ಷೆಯನ್ನು ಕಲಿತಿದ್ದಳೆಂದು ಪಾಸ್ತರನು ಹೇಳಿದುದು ಪ್ರಸಿದ್ಧವಾಗಿದೆ. ಒಬ್ಬ ದೀರ್ಘದರ್ಶಿಯ ಸೊತ್ತಾಗಿರದೆ ಬಾಲಿಕೆಗೂ ಕಲಿಸಬಹುದಾದಾಗಲೇ ದೂರದೃಷ್ಟಿಯು ಸಂಸ್ಥೆಯ ಗುಣವಾಗುವುದು.

ಮೈಸೂರು ಸರ್ಕಾರವು ೧೯೧೪ರ ಸುಮಾರಿನಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆಯ ಫಾರಮನ್ನು ಸ್ಥಾಪಿಸಿತು. ಅಲ್ಲಿಂದ ಮುಂದೆ ಪರೀಕ್ಷಿತವಾದ ಮೊಟ್ಟೆಗಳನ್ನು ಒದಗಿಸುವ ಬಿತ್ತನೆಕೋಠಿಗಳು ಹಬ್ಬಿದುವು. ೧೯೫೯ರ ಕಾಯಿದೆಯಿಂದ ಬಿತ್ತನೆಯ ತಯಾರಿಕೆಗೆ ಅಪ್ಪಣೆಚೀಟಿಯು ಕಡ್ಡಾಯವಾಯಿತು. ಮೈಸೂರು ತಳಿಯಂತಹ ಬಹುಸಂತತಿಯ ಮೊಟ್ಟೆಯು ಹತ್ತು ಹನ್ನೊಂದು ದಿನಗಳಲ್ಲಿ ಒಡೆಯುವುದಾದುದರಿಂದ, ಇಟ್ಟ ದಿನಕ್ಕೂ ಒಡೆಯುವ ದಿನಕ್ಕೂ ನಡುವಣ ಆ ಅಲ್ಪಾವಕಾಶದಲ್ಲಿ ಪರೀಕ್ಷೆ ಮುಗಿಯಬೇಕು. ಇಡೀ ವಿಧಾನವು ನಿಂತಿರುವುದು ಈ ಹತ್ತು ದಿನಗಳ ಮೇಲೆ.

ಇಲ್ಲಿ ನಡೆದುದೇನು? ಸುಶ್ರುತನು ಚಿಕಿತ್ಸೆಗೆ ಆರು ಕ್ರಿಯಾಕಾಲಗಳನ್ನು ಹೇಳಿರುವನು: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ. ದೋಷವು ಸಂಚಯದಲ್ಲಿರುವಾಗಲೇ ತೆಗೆದರೆ ಮುಂದಿನ ಗತಿಗಳಿಲ್ಲ. ಮುಂದುಮುಂದಕ್ಕೆ ಹೋದಷ್ಟೂ ಅದು ಬಲಿಯುತ್ತದೆ. ಲೋಕವು ರೋಗವೆಂದು ಕರೆಯುವುದು ಐದನೆಯದಾದ ವ್ಯಕ್ತಿಯನ್ನು. ರೇಷ್ಮೆಯ ಬಿತ್ತನೆಕೋಠಿಯು ಮಾಡಿದ ಕೆಲಸವು ಪರೀಕ್ಷೆಯ ಸ್ಥಾನವನ್ನು ಹಿಂದಕ್ಕೆ ತಳ್ಳಿದ್ದು: ಗೂಡಿನಿಂದ ಹುಳುವಿಗೆ, ಹುಳುವಿನಿಂದ ಮೊಟ್ಟೆಗೆ, ಮೊಟ್ಟೆಯಿಂದ ತಾಯಿಗೆ. ಕೊಳವನ್ನು ಬಿಟ್ಟು ಹೋಗಲಿಲ್ಲ. ಕೊಳಕ್ಕೆ ಬರುವ ನೀರನ್ನು ಬಾಗಿಲಲ್ಲಿ ನಿಲ್ಲಿಸಿ ನೋಡಿತು. ಸಂಸ್ಥೆಗೆ ಸಲ್ಲುವ ಅನಾಗತವಿಧಾನವು ಇದು. ಮತ್ಸ್ಯತ್ರಯದ ಕಥೆಯಲ್ಲಿ ಇದಕ್ಕೆ ಹೆಸರೂ ಇಲ್ಲ, ದೃಷ್ಟಾಂತವೂ ಇಲ್ಲ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ಬಾರದ ರೋಗವನ್ನು ತಡೆದೆವೆಂಬುದಕ್ಕೆ ಪ್ರಮಾಣವೇನು? ಬೆಂಕಿಯನ್ನು ಆರಿಸಿದವನ ಕೆಲಸವು ಎಲ್ಲರಿಗೂ ಕಾಣುವುದು. ಬೆಂಕಿ ಹತ್ತದಂತೆ ಒಲೆಯನ್ನು ಕಾದವನ ಕೆಲಸ ಯಾರಿಗೂ ಕಾಣದು. ರೋಗವು ಕಡಮೆಯಾದಷ್ಟೂ ಪರೀಕ್ಷಕನು ಅನಾವಶ್ಯಕನೆಂದು ತೋರುವನು. ಅವನ ಸಫಲತೆಯೇ ಅವನ ಸಂಬಳಕ್ಕೆ ಮೃತ್ಯು. ತೊಂದರೆ ಬಂದಮೇಲೆ ಓಡಾಡುವ ಪದ್ಧತಿಯನ್ನು ಸಂಸ್ಥೆಗಳು ಬಿಡದಿರುವುದಕ್ಕೆ ಮೂಢತನವು ಕಾರಣವೆಂದು ಹೇಳುವವರು ಈ ಆಕ್ಷೇಪದ ಬಲವನ್ನು ಅರಿಯರು. ಕಾಣುವ ಕೆಲಸಕ್ಕೆ ಹಣ, ಕಾಣದ ಕೆಲಸಕ್ಕೆ ಕತ್ತರಿ ಎಂಬುದು ಲೆಕ್ಕಿಗನ ದೃಷ್ಟಿಯಿಂದ ಯುಕ್ತವೇ.

ತರ್ಕಶಾಸ್ತ್ರದಲ್ಲಿ ಈ ಪ್ರಶ್ನೆಯು ಬೇರೊಂದು ಪ್ರಸಂಗದಲ್ಲಿ ಚರ್ಚೆಗೆ ಬಂದಿದೆ. ಮುಕ್ತಿವಾದದಲ್ಲಿ, ದುಃಖದ ಪ್ರಾಗಭಾವವೇ ಮುಕ್ತಿಯೆಂದು ಪ್ರಾಭಾಕರರ ಪಕ್ಷವಾಗಿ ಒಂದು ಮತವನ್ನು ಎತ್ತುವರು. ಪ್ರಾಗಭಾವವೆಂದರೆ ವಸ್ತುವು ಹುಟ್ಟುವುದಕ್ಕೆ ಮುಂಚಿನ ಅದರ ಇಲ್ಲದಿರುವಿಕೆ. ಅದು ಅನಾದಿ, ಯಾರೂ ಅದನ್ನು ಹುಟ್ಟಿಸಿದವರಲ್ಲ. ಹುಟ್ಟಿಸಲಾಗದ್ದು ಪುರುಷನ ಪ್ರಯತ್ನಕ್ಕೆ ಫಲವಾಗುವುದು ಹೇಗೆಂದು ಪೂರ್ವಪಕ್ಷ. ಸಮಾಧಾನವೇನೆಂದರೆ, ಇಲ್ಲದುದನ್ನು ಪಡೆಯುವ ಯೋಗವು ಹೇಗೆ ಸಾಧ್ಯವೋ ಹಾಗೆಯೇ ಇರುವುದನ್ನು ಕೆಡದಂತೆ ಕಾಯುವ ಕ್ಷೇಮವೂ ಸಾಧ್ಯವೇ. ಹಾವು, ಮುಳ್ಳುಗಳನ್ನು ಜನರು ದೂರಮಾಡುವುದು ಮುಂದೆ ಆಗಬಹುದಾದ ದುಃಖವು ಆಗದಿರಲೆಂದೇ ಅಲ್ಲವೆ? ಕೆಡಿಸುವ ಕಾರಣವನ್ನು ನಾಶಮಾಡುವುದರ ಮೂಲಕ ಪ್ರಾಗಭಾವವನ್ನು ಪರಿಪಾಲಿಸುವುದು ನಿಜವಾದ ಸಾಧನೆ. ಈ ಮತವು ಮುಕ್ತಿಯ ವಿಷಯದಲ್ಲಿ ನಿಲ್ಲುವುದೇ ಇಲ್ಲವೇ ಎಂಬುದು ಪ್ರಕೃತವಲ್ಲ. ಆದರೆ ಅದರಿಂದ ಲೆಕ್ಕಿಗನಿಗೆ ಕೊಡಬಹುದಾದ ಉತ್ತರವೊಂದು ದೊರೆಯುತ್ತದೆ. ತಡೆದ ದುಃಖವು ಕಾಣದಿದ್ದರೂ ನಾಶಮಾಡಿದ ಕಾರಣವು ಕಾಣುವುದು. ಬಿತ್ತನೆಕೋಠಿಯಲ್ಲಿ ಸುಟ್ಟ ಮೊಟ್ಟೆಗಳಿಗೆ ಎಣಿಕೆಯುಂಟು. ಒಂದು ಕೆಟ್ಟ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟಾಗ ಉಳಿದ ಬೆಳೆಯೆಷ್ಟೆಂದು ಊಹಿಸಬಹುದು. ಆ ಎಣಿಕೆಯನ್ನು ನಷ್ಟದ ಪಟ್ಟಿಯಲ್ಲಿ ಬರೆಯುವ ಕೋಠಿಯು ಬೇಗನೆಯೋ ತಡವಾಗಿಯೋ ಸುಡುವುದನ್ನು ಕಡಮೆಮಾಡುವುದು. ಉತ್ಪತ್ತಿಯ ಪಟ್ಟಿಯಲ್ಲಿ ಬರೆಯುವ ಕೋಠಿಯು ಪರೀಕ್ಷೆಯನ್ನು ಬಿಗಿಮಾಡುವುದು. ಉಪದೇಶಕ್ಕಿಂತ ಈ ಪುಸ್ತಕದ ಕಲಮು ಹೆಚ್ಚಿನ ಕೆಲಸ ಮಾಡೀತು.

ಇಷ್ಟರಿಂದ ಮೊದಲನೆಯ ಮೀನಿಗೆ ಜಯವೆಂದು ಘೋಷಿಸುವುದಕ್ಕೆ ಮುಂಚೆ ಇದೇ ಸೀಮೆಯ ಮತ್ತೊಂದು ಸಂಗತಿಯನ್ನು ನೋಡಬೇಕು. ೧೯೮೦ರಲ್ಲಿ ಊಜಿ ನೊಣವು ಕರ್ನಾಟಕಕ್ಕೆ ಬಂದಿತು. ಬಂಗಾಳದಲ್ಲಿ ಅದು ಬಹುಕಾಲದಿಂದ ಪರಿಚಿತವಾದ ಪೀಡೆ; ಅಲ್ಲಿಂದ ತಂದ ಗೂಡುಗಳೊಡನೆ ಆಕಸ್ಮಿಕವಾಗಿ ಇಲ್ಲಿಗೆ ಬಂದು ಹಬ್ಬಿತು. ಬೆಳೆದ ಹುಳುವಿನ ಮೈಮೇಲೆ ಈ ನೊಣವು ಮೊಟ್ಟೆಯಿಡುವುದು. ಅದರ ಮರಿಯು ಹುಳುವಿನೊಳಕ್ಕೆ ಕೊರೆದು ಹೋಗಿ ಅದನ್ನು ತಿಂದು ಬೆಳೆಯುವುದು. ಹುಳುವು ಗೂಡು ಕಟ್ಟಿದರೂ ಗೂಡನ್ನು ತೂತುಮಾಡಿಕೊಂಡು ಹೊರಗೆ ಬರುವುದು. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು. ಗಂಟುರೋಗಕ್ಕೆ ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಕಾವಲಿದ್ದ ಸೀಮೆಯಲ್ಲಿ ಇದು ನಡೆಯಿತು. ಕಾವಲುಗಾರನು ನಿದ್ದೆಮಾಡಿರಲಿಲ್ಲ, ಅವನಿಗೆ ಗುರುತು ಹೇಳಿಕೊಟ್ಟಿದ್ದ ಕಳ್ಳನು ಬೇರೆ, ಬಂದ ಕಳ್ಳನು ಬೇರೆ. ತಿಳಿದ ಶತ್ರುವಿಗಾಗಿ ಕಟ್ಟಿದ ಅನಾಗತವಿಧಾನವು ತಿಳಿಯದ ಶತ್ರುವಿಗೆ ಕುರುಡು. ಹಾಗೆಂದು ಇದನ್ನು ದೈವಕ್ಕೆ ಬಿಡುವಂತೆಯೂ ಇಲ್ಲ: ಪೀಡೆಯುಳ್ಳ ಪ್ರಾಂತದಿಂದ ಗೂಡನ್ನು ತರುವಾಗ ಅಲ್ಲಿನ ಪೀಡೆಗಳಾವುವೆಂದು ಕೇಳುವ ಪದ್ಧತಿಯಿದ್ದಿದ್ದರೆ ಉತ್ತರವು ಬಂಗಾಳದ ಯಾವ ಸಾಕಣೆದಾರನಲ್ಲಿಯೂ ದೊರೆಯುತ್ತಿತ್ತು. ಬೆಸ್ತರು ದಡದಲ್ಲಿ ಮಾತಾಡುತ್ತಲೇ ಇದ್ದರು. ಕೇಳುವ ಕಿವಿಯು ಆ ಕಡೆಗಿರಲಿಲ್ಲ.

ನೊಣವು ಬಂದಮೇಲೆ ಬುದ್ಧಿ ಓಡಿಸಿದವರು ಎರಡನೆಯ ಮೀನಿನ ಜಾತಿಯವರು. ಸಾಕುವ ಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟಿಸಿದರು. ಹುಳುವಿನ ಮೈಮೇಲಣ ನೊಣದ ಮೊಟ್ಟೆಯನ್ನು ಕೊಲ್ಲುವ ಪುಡಿ, ದ್ರಾವಣಗಳನ್ನು ಕಂಡುಹಿಡಿದರು. ಉದುರಿದ ಮರಿಗಳನ್ನು ಹೆಕ್ಕಿ ಸಾಬೂನು ನೀರಿನಲ್ಲಿ ಮುಳುಗಿಸುವುದನ್ನು ಕಲಿಸಿದರು. ನೊಣದ ಕೋಶವನ್ನು ತಿನ್ನುವ ಒಂದು ಬಗೆಯ ಕಣಜವನ್ನು ಸಾಕಿ ಬಿಟ್ಟರು. ಇವೆಲ್ಲ ಅಪಾಯವು ಬಂದಮೇಲಿನ ಉಪಾಯಗಳೇ. ಆದರೆ ಬಲೆಯ ಗತಿಯನ್ನು ಗಮನಿಸಬೇಕು. ಮೊದಲ ವರ್ಷ ಬಲೆಯು ಪ್ರತೀಕಾರ. ಎರಡನೆಯ ಬೆಳೆಗೂ ತೆಗೆಯದೆ ಬಿಟ್ಟಾಗ ಅಭ್ಯಾಸ. ಹೊಸದಾಗಿ ಮನೆ ಕಟ್ಟುವವನು ಬಲೆಯನ್ನು ಮನೆಯ ಅಂಗವೆಂದೇ ಎಣಿಸಿ ಚೌಕಟ್ಟು ಮಾಡಿಸಿದಾಗ ಅದೇ ಅನಾಗತವಿಧಾನ. ನಿನ್ನೆಯ ಪ್ರತ್ಯುತ್ಪನ್ನಮತಿಯು ಗೋಡೆಯಲ್ಲಿ ನೆಲಸಿದರೆ ಇಂದಿನ ಅನಾಗತವಿಧಾತೃ. ಎರಡು ಮೀನುಗಳು ಎರಡು ಜಾತಿಗಳಲ್ಲ, ಒಂದೇ ವಿಧಾನದ ಎರಡು ವಯಸ್ಸುಗಳು. ಭೀಷ್ಮನು ಇಬ್ಬರನ್ನೂ ಸುಖವಾಗಿ ಬಾಳುವವರೆಂದು ಒಂದೇ ಉಸಿರಿನಲ್ಲಿ ಎಣಿಸಿ, ಮೂರನೆಯವನೊಬ್ಬನಿಗೆ ನಾಶವನ್ನು ಹೇಳಿರುವುದು ಈ ದೃಷ್ಟಿಯಿಂದ ಸಮಂಜಸವಾಗಿದೆ. ಉತ್ತಮಮಧ್ಯಮಾಧಮವೆಂಬ ಮೆಟ್ಟಿಲುಗಳು ಬೋಧಕರ ಕಲ್ಪನೆ, ಮೂಲದಲ್ಲಿಲ್ಲ.

ಕೆರೆಗಳ ವಿಷಯವು ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ಇಲ್ಲಿ ಒಂದೆರಡು ಮಾತು ಸಾಕು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ ಮೊದಲಾದ ಎಂಟು ಮಹಾಭಯಗಳ ಪ್ರಕರಣವಿದೆ. ಬೇಸಗೆಯಲ್ಲಿ ಗ್ರಾಮದವರು ಮನೆಯ ಹೊರಗೆ ಅಡಿಗೆ ಮಾಡತಕ್ಕದ್ದೆಂದೂ, ಮಳೆಗಾಲದಲ್ಲಿ ಹೊಳೆದಂಡೆಯ ಊರಿನವರು ಪ್ರವಾಹ ಏರುವ ಎಡೆಯನ್ನು ಬಿಟ್ಟು ವಾಸಿಸುತ್ತ ಮರ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದೆಂದೂ ಅಲ್ಲಿ ವಿಧಿಸಿದೆ. ದೂರದೃಷ್ಟಿಯನ್ನು ಗುಣವೆಂದು ಹೊಗಳದೆ ಋತುವಿನ ಕೆಲಸವೆಂದು ಪಂಚಾಂಗಕ್ಕೆ ಸೇರಿಸಿದುದು ಕೌಟಿಲ್ಯನ ಹೆಚ್ಚಳ. ಆದರೆ ಅದೇ ಗ್ರಂಥದ ಮೂರನೆಯ ಅಧಿಕರಣದಲ್ಲಿ ಹೊಸದಾಗಿ ಕೆರೆ ಕಟ್ಟಿಸಿದವನಿಗೆ ಐದು ವರ್ಷ, ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದುದನ್ನು ತೆಗೆಸಿದವನಿಗೆ ಮೂರು ವರ್ಷ ಕಂದಾಯದ ವಿನಾಯಿತಿ ಹೇಳಿದೆ. ವೆಚ್ಚಕ್ಕೆ ತಕ್ಕ ವಿನಾಯಿತಿಯೆಂದು ಸಮರ್ಥಿಸಬಹುದು. ಆದರೂ ಒಡೆಯದಂತೆ ವರ್ಷವರ್ಷವೂ ಕಾದವನಿಗೆ ಈ ಏಣಿಯಲ್ಲಿ ಮೆಟ್ಟಿಲೇ ಇಲ್ಲ. ಹಳೆಯ ಮೈಸೂರಿನ ಶಾಸನಗಳು ಈ ಕೊರತೆಯನ್ನು ತುಂಬಿರುವುವು. ಕೆರೆಯ ಹೂಳನ್ನು ಸದಾ ಹೊರುವ ಬಂಡಿಗಾಗಿ ಬಿಟ್ಟ ದತ್ತಿ, ಕೆರೆಯ ಪೋಷಣೆಗೆ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆ ಇವು ಕೆರೆ ಒಡೆಯುವುದಕ್ಕೆ ಮುಂಚಿನ ಕೆಲಸಕ್ಕೆ ಶಾಶ್ವತವಾದ ಸಂಬಳ. ಒಡೆಯದ ಕೆರೆಗೆ ಬಂಡಿಯೇಕೆಂದು ಕೇಳುವ ಲೆಕ್ಕಿಗನ ಕೈಗೆ ಸಿಕ್ಕದಂತೆ ಅದನ್ನು ಕಲ್ಲಿನ ಮೇಲೆ ಕೆತ್ತಿದರು. ೨೦೨೨ರ ಆಗಸ್ಟ್ ತಿಂಗಳ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣಗಳ ಕಡೆ ಮಳೆ ಸುರಿದು, ಕೆರೆಗಳು ಕೋಡಿಬಿದ್ದು, ಬೆಂಗಳೂರು ಮೈಸೂರುಗಳ ಹೆದ್ದಾರಿಯ ಮೇಲೆಯೇ ನೀರು ನಿಂತಾಗ ಪತ್ರಿಕೆಗಳು ದೋಣಿಯ ಚಿತ್ರಗಳನ್ನು ಹಾಕಿದುವು. ಬಂಡಿಯ ಚಿತ್ರವನ್ನು ಹಾಕಲು ಬಂಡಿಯಿರಲಿಲ್ಲ.

ಪ್ರಕೃತಕ್ಕೆ ಬಂದರೆ, ಶಾಲೆಗಳ ಪಾಠಪುಸ್ತಕಗಳಲ್ಲಿ ಈ ಕಥೆಯು ಬಹುಮಟ್ಟಿಗೆ ಹಿತೋಪದೇಶದ ಸಂಕ್ಷೇಪರೂಪದಲ್ಲಿಯೇ ಅಚ್ಚಾಗುತ್ತಿದೆ. ಮೂರು ಸಾಲಿನಲ್ಲಿ ಮುಗಿಯುವುದರಿಂದ ಸಂಪಾದಕರಿಗೆ ಅದು ಅನುಕೂಲ. ಆದರೆ ಅದರಲ್ಲಿ ಜಾಣಮೀನು ತನ್ನೊಬ್ಬನ ನಿಶ್ಚಯವನ್ನು ಸಾರಿ ಹೊರಟುಹೋಗುತ್ತದೆ. ಭಾರತದಲ್ಲಿ ದೀರ್ಘದರ್ಶಿಯು ಮಿತ್ರರಿಬ್ಬರಿಗೆ ಹೇಳಿ, ಅವರು ಒಪ್ಪದಾಗ ಹೊರಟನು. ಪಂಚತಂತ್ರದಲ್ಲಿ ಅನಾಗತವಿಧಾತೃವು ಕೊಳದ ಮೀನುಗಳನ್ನೆಲ್ಲ ಕರೆದು ಕೇಳಿದ್ದನ್ನು ಕೇಳಿದಂತೆ ತಿಳಿಸಿದನು. ಮೂರು ಪಾಠಗಳಲ್ಲಿ ಸಭೆಯೆಂಬುದು ಕೂಡುವುದು ಇಲ್ಲೊಂದೇ ಕಡೆ. ಸಂಸ್ಥೆಯ ಬೀಜವೇನಾದರೂ ಈ ಕಥೆಯಲ್ಲಿದ್ದರೆ ಅದು ಆ ಒಂದು ವಾಕ್ಯದಲ್ಲಿದೆ. ಮಕ್ಕಳ ಕೈಗೆ ಕೊಡುವುದಾದರೆ ಪಂಚತಂತ್ರದ ಆ ಪಾಠವನ್ನೇ ಕೊಡುವುದು ಯುಕ್ತ; ಅದರೊಡನೆ ಟಿಟ್ಟಿಭಿಯ ಕಥೆಯನ್ನೂ ಸೇರಿಸಿದರೆ ಮೊಟ್ಟೆಯ ವೆಚ್ಚವೆಷ್ಟೆಂಬುದು ರೇಷ್ಮೆಯ ಸೀಮೆಯ ಮಕ್ಕಳಿಗೆ ಯಾರೂ ವಿವರಿಸದೆಯೇ ತಿಳಿದೀತು.